ಶಾಸನಾಭ್ಯಾಸಿಯ ಕಂಪ್ಯೂಟರು: ಗ್ರಾಫಿಕ್ಸ್ ಕಾರ್ಡು ಮತ್ತು ಪವರ್ ಸಪ್ಲೈಗಳ ವಿಚಾರ

ಶಿಲೆಯ ಮೇಲೆ ಒದ್ದೆ ಕಾಗದವನ್ನು ಹಾಸಿ, ಕುಂಚದಿಂದ ತಟ್ಟಿ, ಮಸಿಯನ್ನು ಮುಟ್ಟಿಸಿ ಪಡಿಯಚ್ಚು ತೆಗೆಯುವ ಕ್ರಮವು ನಮ್ಮ ನಾಡಿನ ಇತಿಹಾಸಸಂಶೋಧನೆಗೆ ಮಾಡಿರುವ ಉಪಕಾರವು ಅಷ್ಟಿಷ್ಟಲ್ಲ. ಬಿ. ಎಲ್. ರೈಸ್ ಅವರು 1886ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಮೊದಲ ಸಂಪುಟವನ್ನು ಹೊರತಂದ ಮೇಲೆ ಶಾಸನಾಭ್ಯಾಸವು ಬೆಳೆದುದು ಬಹುಮಟ್ಟಿಗೆ ಇಂಥ ಅಚ್ಚುಗಳ ಆಧಾರದಿಂದಲೇ. ಆದರೆ ಸವೆದ ಶಿಲೆಯಲ್ಲಿ ಅಕ್ಷರದ ಗೀರಾವುದು, ಕಲ್ಲಿನ ಬಿರುಕಾವುದು ಎಂಬುದನ್ನು ಕಾಗದವು ಎಷ್ಟೋ ವೇಳೆ ತಿಳಿಸಲಾರದು. ‘ಮ’ಕಾರವೋ ‘ವ’ಕಾರವೋ ಎಂಬ ಸಂದೇಹದ ಮೇಲೆ ಒಂದು ಊರಿನ ಹೆಸರು ನಿಂತಿರುತ್ತದೆ, ಒಂದು ಅಂಕಿಯ ಮೇಲೆ ಒಬ್ಬ ಅರಸನ ಕಾಲನಿರ್ಣಯವೇ ನಿಂತಿರುತ್ತದೆ. ಇಂಥಲ್ಲಿ ಕಲ್ಲಿನ ಮೂರು ಆಯಾಮದ ಪ್ರತಿಕೃತಿಯನ್ನು ಕಂಪ್ಯೂಟರಿನಲ್ಲಿ ನಿರ್ಮಿಸಿ, ಅದರ ಮೇಲೆ ಬೇಕಾದ ಕಡೆಯಿಂದ ಓರೆಬೆಳಕನ್ನು ಬೀರಿ ನೋಡುವ ಉಪಾಯವು ಈಚಿನ ವರ್ಷಗಳಲ್ಲಿ ಬಳಕೆಗೆ ಬಂದಿದೆ. ಬೆಂಗಳೂರಿನ ಮಿಥಿಕ್ ಸೊಸೈಟಿಯವರು 2021ರಿಂದ ಸ್ಕ್ಯಾನರಿನ ಮೂಲಕ ಇಂಥ ಕಾರ್ಯವನ್ನು ನಡೆಸಿದುದು ಅನೇಕರಿಗೆ ತಿಳಿದಿದೆ.

ಸ್ಕ್ಯಾನರು ಎಲ್ಲ ಕಾಲೇಜುಗಳಿಗೂ ಎಟಕುವ ವಸ್ತುವಲ್ಲ. ಆದರೆ ಸಾಧಾರಣ ಕ್ಯಾಮರಾದಿಂದ ಒಂದೇ ಶಿಲೆಯ ನೂರಾರು ಚಿತ್ರಗಳನ್ನು, ಒಂದರ ಭಾಗವು ಇನ್ನೊಂದರಲ್ಲಿಯೂ ಬರುವಂತೆ ತೆಗೆದು, ಅವುಗಳಿಂದ ಗಣಿತದ ಬಲದಿಂದಲೇ ಪ್ರತಿಕೃತಿಯನ್ನು ಪಡೆಯುವ ಫೋಟೋಗ್ರಾಮೆಟ್ರಿ ಎಂಬ ಕ್ರಮವು ಎಟಕುವಂಥದು. ತೊಡಕು ಇರುವುದು ಕಂಪ್ಯೂಟರಿನಲ್ಲಿ. ಪತ್ರಗಳನ್ನು ಬೆರಳಚ್ಚಿಸಲೆಂದು ಕೊಂಡ ಯಂತ್ರವು ಈ ಕೆಲಸದಲ್ಲಿ ತಡವರಿಸುತ್ತದೆ. ಕೆಲವು ತಂತ್ರಾಂಶಗಳು ಅದರಲ್ಲಿ ಪೂರ್ತಿಯಾಗಿ ನಡೆಯುವುದೂ ಇಲ್ಲ. ಹಾಗೆಂದು ಯಂತ್ರವನ್ನೇ ಬದಲಿಸಬೇಕಾಗಿಲ್ಲ. ಎರಡು ಭಾಗಗಳನ್ನು ಬದಲಿಸಿದರೆ ಬಹುಪಾಲು ಸಾಕಾಗುವುದು. ಇತಿಹಾಸದ ಅಧ್ಯಾಪಕರಾದ ನಮಗೆ ಈ ವಿಷಯದಲ್ಲಿ ಏನು ಅಧಿಕಾರವೆಂದು ಕೇಳುವವರು ಇರಬಹುದು. ಇಲಾಖೆಯ ಅಲ್ಪ ಅನುದಾನವನ್ನು ಯಾವುದರ ಮೇಲೆ ವೆಚ್ಚಮಾಡಬೇಕೆಂದು ನಿರ್ಣಯಿಸಬೇಕಾದವರು ನಾವೇ ಆದುದರಿಂದ, ಇಷ್ಟನ್ನು ತಿಳಿದಿರುವುದು ಅವಶ್ಯವೆಂದು ನಮ್ಮ ಭಾವನೆ.

ಮೊದಲು ಗ್ರಾಫಿಕ್ಸ್ ಕಾರ್ಡಿನ ಸ್ವರೂಪವನ್ನು ನೋಡೋಣ. ಕಂಪ್ಯೂಟರಿನ ಮುಖ್ಯ ಸಂಸ್ಕಾರಕವು ಒಬ್ಬ ಮಹಾಪಂಡಿತನಂತೆ: ಎಂಥ ಜಟಿಲವಾದ ಕೆಲಸವನ್ನೂ ಮಾಡಬಲ್ಲದು, ಆದರೆ ಒಂದು ವೇಳೆಗೆ ಕೆಲವನ್ನು ಮಾತ್ರ. ಗ್ರಾಫಿಕ್ಸ್ ಕಾರ್ಡಿನಲ್ಲಾದರೋ ಸಾವಿರಾರು ಸಣ್ಣ ಗಣಕಘಟಕಗಳಿದ್ದು, ಒಂದೇ ಬಗೆಯ ಸರಳ ಲೆಕ್ಕವನ್ನು ಅವೆಲ್ಲವೂ ಏಕಕಾಲದಲ್ಲಿ ಮಾಡುತ್ತವೆ; ಮಠದಲ್ಲಿ ಸಾಲಾಗಿ ಕುಳಿತ ಲಿಪಿಕಾರರಂತೆ. 1 ಕೋಟಿ 20 ಲಕ್ಷ ಬಿಂದುಗಳುಳ್ಳ ನೂರು ಚಿತ್ರಗಳಿದ್ದರೆ ಒಟ್ಟು 120 ಕೋಟಿ ಬಿಂದುಗಳಾದವು. ಇವುಗಳಲ್ಲಿ ಒಂದೊಂದೂ ಕ್ಯಾಮರಾದಿಂದ ಎಷ್ಟು ದೂರದಲ್ಲಿದ್ದಿತೆಂಬುದನ್ನು ಗೊತ್ತುಮಾಡಬೇಕು. ಒಂದರ ಲೆಕ್ಕವು ಬಹುಮಟ್ಟಿಗೆ ಮತ್ತೊಂದನ್ನು ಕಾದು ನಿಲ್ಲುವುದಿಲ್ಲವಾದುದರಿಂದ, ಪಂಡಿತನಿಗಿಂತ ಲಿಪಿಕಾರರ ಸಮೂಹವೇ ಇಲ್ಲಿ ಮೇಲು.

ಈ ಕಾರ್ಡುಗಳು ಮೊದಲು ಹುಟ್ಟಿದುದು ವಿದ್ವತ್ಕಾರ್ಯಕ್ಕಲ್ಲ, ಆಟಗಳಿಗೆ. ಎನ್‌ವಿಡಿಯಾ ಸಂಸ್ಥೆಯು 1999ರಲ್ಲಿ ಜಿಫೋರ್ಸ್ 256 ಎಂಬ ಕಾರ್ಡನ್ನು ಹೊರತಂದು ‘ಜಿಪಿಯು’ ಎಂಬ ಹೆಸರನ್ನು ಪ್ರಚಾರಕ್ಕೆ ತಂದಿತು. 2006ರಲ್ಲಿ ಅದೇ ಸಂಸ್ಥೆಯು ಪ್ರಕಟಿಸಿದ ‘ಕುಡಾ’ ಎಂಬ ವ್ಯವಸ್ಥೆಯಿಂದ ಚಿತ್ರವಲ್ಲದ ಲೆಕ್ಕಗಳಿಗೂ ಕಾರ್ಡನ್ನು ಬಳಸುವ ದಾರಿ ಸುಗಮವಾಯಿತು. ಇದು ಕೇವಲ ಚರಿತ್ರೆಯ ಸಂಗತಿಯಲ್ಲ. ಉಚಿತವಾಗಿ ದೊರೆಯುವ ಮೆಶ್‌ರೂಮ್ ಎಂಬ ತಂತ್ರಾಂಶವು ಆಳದ ನಕ್ಷೆಗಳನ್ನು ಸಿದ್ಧಪಡಿಸಲು ಕುಡಾವನ್ನೇ ಅವಲಂಬಿಸಿದೆ. ಬೇರೆ ಸಂಸ್ಥೆಯ ಕಾರ್ಡು ಎಷ್ಟೇ ಉತ್ತಮವಾಗಿದ್ದರೂ ಆ ಹಂತದಲ್ಲಿ ಅದು ಕೆಲಸಕ್ಕೆ ಬಾರದು. ಆದುದರಿಂದ ಮೊದಲು ತಂತ್ರಾಂಶವನ್ನು ಗೊತ್ತುಮಾಡಿಕೊಂಡು, ಅನಂತರ ಕಾರ್ಡನ್ನು ಆರಿಸುವುದು ಕ್ರಮ.

ಆರಿಸುವಾಗ ನೋಡತಕ್ಕದ್ದು ವೇಗವನ್ನು ಮಾತ್ರವಲ್ಲ, ಕಾರ್ಡಿನ ಸ್ವಂತ ಸ್ಮೃತಿಯನ್ನು. 2021ರಲ್ಲಿ ಬಂದ ಆರ್‌ಟಿಎಕ್ಸ್ 3060 ಕಾರ್ಡಿನ ಮೊದಲ ರೂಪದಲ್ಲಿ 12 ಗಿಗಾಬೈಟು ಸ್ಮೃತಿಯುಂಟು. 2023ರ ಆರ್‌ಟಿಎಕ್ಸ್ 4060ರಲ್ಲಿ 8 ಮಾತ್ರ. ಹೊಸದು ಕಡಿಮೆ ವಿದ್ಯುತ್ತನ್ನು ಬೇಡುತ್ತದೆ, 170 ವಾಟಿಗೆ ಬದಲಾಗಿ 115 ವಾಟು. ಆದರೆ ಅದು ಮದರ್‌ಬೋರ್ಡಿನೊಡನೆ ಮಾತಾಡುವುದು ಹದಿನಾರು ಹಾದಿಗಳಲ್ಲಲ್ಲ, ಎಂಟರಲ್ಲಿ. ಹಳೆಯ ಬೋರ್ಡುಗಳಲ್ಲಿ ಈ ಹಾದಿಗಳ ವೇಗವೂ ಅರ್ಧಕ್ಕೆ ಇಳಿಯುತ್ತದೆ. ಹಳೆಯ ಯಂತ್ರದಲ್ಲಿ ದೊಡ್ಡ ಶಿಲೆಗಳ ಕೆಲಸ ನಡೆಯಬೇಕಾದಲ್ಲಿ ನಾವು ಹಳೆಯ ಕಾರ್ಡಿನ ಪಕ್ಷವನ್ನೇ ವಹಿಸುತ್ತೇವೆ. ಅಂಗಡಿಯವರು ಹೊಸತನ್ನು ಹೊಗಳುವುದು ಸಹಜ.

ಈಗ ವಿದ್ಯುತ್ತಿನ ವಿಷಯ. ಗೋಡೆಯ 230 ವೋಲ್ಟಿನ ಪರ್ಯಾಯ ವಿದ್ಯುತ್ತನ್ನು 12, 5 ಮತ್ತು 3.3 ವೋಲ್ಟುಗಳ ಏಕಮುಖ ವಿದ್ಯುತ್ತನ್ನಾಗಿ ಮಾಡಿ ಹಂಚುವುದೇ ಪವರ್ ಸಪ್ಲೈ ಎಂಬ ಪೆಟ್ಟಿಗೆಯ ಕೆಲಸ. ಇದರ ಅಳತೆ, ಮೊಳೆಯ ರಂಧ್ರ, ತಂತಿಗಳ ಕ್ರಮ ಇವುಗಳಿಗೆ ಇಂಟೆಲ್ ಸಂಸ್ಥೆಯು 1995ರಲ್ಲಿ ಎಟಿಎಕ್ಸ್ ಎಂಬ ಮಾದರಿಯನ್ನು ಗೊತ್ತುಮಾಡಿತು. ಆ ಕಾಲದಲ್ಲಿ ಹೊರೆಯೆಲ್ಲ 5 ಮತ್ತು 3.3 ವೋಲ್ಟುಗಳ ಮೇಲಿದ್ದಿತು. 2000ದಲ್ಲಿ ಪೆಂಟಿಯಂ 4 ಬಂದಾಗ ಸಂಸ್ಕಾರಕಕ್ಕಾಗಿಯೇ 12 ವೋಲ್ಟಿನ ನಾಲ್ಕು ಕಡ್ಡಿಯ ಪ್ರತ್ಯೇಕ ಜೋಡಣೆಯು ಸೇರಿತು. ಅಲ್ಲಿಂದ ಹೊರೆಯು 12 ವೋಲ್ಟಿನ ಕಡೆಗೇ ಸರಿಯುತ್ತ ಬಂದಿದೆ. ಗ್ರಾಫಿಕ್ಸ್ ಕಾರ್ಡಿನ ಆಹಾರವೂ ಬಹುಪಾಲು ಅದೇ. ಆದುದರಿಂದ ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಬರೆದ ವಾಟಿನ ಸಂಖ್ಯೆಯನ್ನು ನಂಬಿ ಕೂಡುವುದು ಸಲ್ಲದು. ಶಾಸನದಲ್ಲಿ ಪ್ರಶಸ್ತಿಯ ಭಾಗವನ್ನು ಬಿಟ್ಟು ದಾನದ ವಿವರಕ್ಕೆ ಹೋಗುವಂತೆ, ಪಕ್ಕದ ಸಣ್ಣ ಕೋಷ್ಟಕವನ್ನು ಓದಬೇಕು. 450 ವಾಟೆಂದು ಬರೆದ ಪೆಟ್ಟಿಗೆಯಲ್ಲಿ 12 ವೋಲ್ಟಿನ ಎದುರು 25 ಆಂಪಿಯರ್ ಎಂದಿದ್ದರೆ, ಗುಣಿಸಿದಾಗ ದೊರೆಯುವುದು 300 ವಾಟು. ನಮಗೆ ಬೇಕಾದ ಸಂಖ್ಯೆ ಅದು.

ಲೆಕ್ಕವನ್ನು ಹೀಗೆ ಮಾಡಬಹುದು. ಸಂಸ್ಕಾರಕಕ್ಕೆ 65 ವಾಟು, 3060 ಕಾರ್ಡಿಗೆ 170, ಬೋರ್ಡು, ಡಿಸ್ಕು, ಫ್ಯಾನುಗಳಿಗೆ ಸುಮಾರು 50, ಒಟ್ಟು 285. ಕಚೇರಿಯ ಯಂತ್ರಗಳಲ್ಲಿರುವ 250 ಅಥವಾ 300 ವಾಟಿನ ಪೆಟ್ಟಿಗೆಗೆ ಇದು ಮೀರಿದ ಅಥವಾ ಅಂಚಿಗೆ ಬಂದ ಹೊರೆ. ಅಲ್ಲದೆ ಸಂಸ್ಕಾರಕವು ಒತ್ತಡದಲ್ಲಿ ತನ್ನ ಹೆಸರಿನ ಸಂಖ್ಯೆಯನ್ನು ಮೀರುವುದುಂಟು. ಕಾರ್ಡು ಕೂಡ ಸೆಕೆಂಡಿನ ಅತ್ಯಲ್ಪ ಭಾಗದಲ್ಲಿ ಸರಾಸರಿಗಿಂತ ಬಹಳ ಹೆಚ್ಚನ್ನು ಎಳೆಯುತ್ತದೆ. ಆಗ ಪೆಟ್ಟಿಗೆಯು ತನ್ನನ್ನು ರಕ್ಷಿಸಿಕೊಳ್ಳಲು ಆರಿಹೋಗುತ್ತದೆ; ಏಳು ಗಂಟೆಗಳ ಲೆಕ್ಕವು ಆರನೆಯ ಗಂಟೆಯಲ್ಲಿ ನಾಶವಾಗುವುದು ಹೀಗೆ. ಕಾರ್ಡಿನ ತಯಾರಕರು 550 ವಾಟನ್ನು ಸೂಚಿಸಿರುವುದು ಈ ಕಾರಣದಿಂದ. ‘80 ಪ್ಲಸ್’ ಎಂಬ ಮುದ್ರೆಯು 2004ರಿಂದ ಬಳಕೆಯಲ್ಲಿದೆ. ಅದು ವಿದ್ಯುತ್ತಿನ ಮಿತವ್ಯಯವನ್ನು ಹೇಳುತ್ತದೆಯೇ ಹೊರತು ಪೆಟ್ಟಿಗೆಯ ಭದ್ರತೆಯನ್ನಲ್ಲ ಎಂಬುದನ್ನು ನೆನಪಿಡಬೇಕು.

ಕಾರ್ಡಿಗೆ ವಿದ್ಯುತ್ತು ಬರುವ ದಾರಿಗಳು ಎರಡು. ಬೋರ್ಡಿನ ಸ್ಲಾಟಿನಿಂದ ಹೆಚ್ಚೆಂದರೆ 75 ವಾಟು. ಪೆಟ್ಟಿಗೆಯಿಂದ ನೇರವಾಗಿ ಬರುವ ಆರು ಕಡ್ಡಿಯ ಜೋಡಣೆಯಿಂದ 75, ಎಂಟು ಕಡ್ಡಿಯದರಿಂದ 150. ಪೆಟ್ಟಿಗೆಯಲ್ಲಿ ಈ ಜೋಡಣೆಯೇ ಇಲ್ಲದಿದ್ದಲ್ಲಿ ಡಿಸ್ಕಿನ ತಂತಿಗೆ ಅಗ್ಗದ ಪರಿವರ್ತಕವನ್ನು ಸಿಕ್ಕಿಸುವ ರೂಢಿಯುಂಟು. ಇದನ್ನು ನಾವು ಒಪ್ಪುವುದಿಲ್ಲ. ತೆಳುತಂತಿ ಕಾಯುತ್ತದೆ, ಕರಗುವುದೂ ಉಂಟು. 2022ರಲ್ಲಿ ಬಂದ, 600 ವಾಟಿನವರೆಗೆ ಹೊರಬಲ್ಲ ಹದಿನಾರು ಕಡ್ಡಿಯ ಜೋಡಣೆಯು ಆರ್‌ಟಿಎಕ್ಸ್ 4090 ಕಾರ್ಡುಗಳಲ್ಲಿ ಕರಗಿದ ಪ್ರಸಂಗಗಳು ಅದೇ ವರ್ಷ ವರದಿಯಾದವು. ಪೂರ್ತಿಯಾಗಿ ಒಳಸೇರದಿದ್ದುದು ಕಂಡುಬಂದ ಕಾರಣಗಳಲ್ಲಿ ಒಂದು. ವಿದ್ಯುತ್ತೇ ಹೆಚ್ಚಾಗಿ ದೊರೆಯದಲ್ಲಿ ಸ್ಲಾಟಿನ 75 ವಾಟಿನಲ್ಲಿಯೇ ನಡೆಯುವ ಜಿಟಿಎಕ್ಸ್ 1650ರಂಥ ಕಾರ್ಡು ಮಧ್ಯಮಮಾರ್ಗ. ಅದರ ಸ್ಮೃತಿ 4 ಗಿಗಾಬೈಟು. ಸಣ್ಣ ವೀರಗಲ್ಲಿಗೆ ಸಾಕು.

ಕೊಳ್ಳುವುದಕ್ಕೆ ಮುಂಚೆ ಯಂತ್ರದ ಪಕ್ಕದ ಹಲಗೆಯನ್ನು ತೆಗೆದು ನೋಡುವುದು ಅಗತ್ಯ. ಕೆಲವು ಸಂಸ್ಥೆಗಳ ಕಚೇರಿಯಂತ್ರಗಳಲ್ಲಿ ಪವರ್ ಸಪ್ಲೈಯ ಆಕಾರವೂ ಜೋಡಣೆಯೂ ಎಟಿಎಕ್ಸ್ ಮಾದರಿಗೆ ಒಪ್ಪುವುದಿಲ್ಲ. ಅಂಥಲ್ಲಿ ಬೇರೆ ಪೆಟ್ಟಿಗೆ ಕೂಡುವುದೇ ಇಲ್ಲ. ಕಾರ್ಡಿನ ಉದ್ದಕ್ಕೆ ಸ್ಥಳವಿದೆಯೇ ಎಂಬುದನ್ನು ಅಳತೆಪಟ್ಟಿಯಿಂದ ಅಳೆಯಬೇಕು. ಬಳಸಿದ ಕಾರ್ಡು ಅಗ್ಗವಾಗಿ ದೊರೆತರೆ ಅದರ ಪೂರ್ವಚರಿತ್ರೆಯನ್ನು ವಿಚಾರಿಸತಕ್ಕದ್ದು: 2022ರ ಸೆಪ್ಟೆಂಬರಿನಲ್ಲಿ ಈಥೀರಿಯಂ ನಾಣ್ಯದ ಗಣಿಗಾರಿಕೆ ನಿಂತಾಗ, ಹಗಲಿರುಳು ದುಡಿದ ಕಾರ್ಡುಗಳು ರಾಶಿಯಾಗಿ ಮಾರುಕಟ್ಟೆಗೆ ಬಂದವು.

ಬದಲಿಸುವ ಕ್ರಿಯೆಯು ಕಷ್ಟದ್ದಲ್ಲ. ತಂತಿಯನ್ನು ಗೋಡೆಯಿಂದ ಕಳಚಿ, ಗುಂಡಿಯನ್ನು ಒಮ್ಮೆ ಒತ್ತಿ ಉಳಿದ ವಿದ್ಯುತ್ತನ್ನು ಹರಿಯಬಿಟ್ಟು, ಲೋಹದ ಚೌಕಟ್ಟನ್ನು ಮುಟ್ಟಿಕೊಂಡು ಕೆಲಸಮಾಡಬೇಕು. ಪವರ್ ಸಪ್ಲೈಯ ಪೆಟ್ಟಿಗೆಯನ್ನು ಮಾತ್ರ ಎಂದಿಗೂ ಬಿಚ್ಚಕೂಡದು. ಒಳಗಿನ ಕೆಪಾಸಿಟರುಗಳು ತಂತಿ ಕಳಚಿದ ಮೇಲೆಯೂ ಪ್ರಾಣಾಪಾಯದ ವಿದ್ಯುತ್ತನ್ನು ಹಿಡಿದಿರಬಹುದು. ತಂತಿಗಳು ಬಿಚ್ಚಿಬರುವ ಬಗೆಯ ಪೆಟ್ಟಿಗೆಯಾದರೆ ಹಳೆಯದರ ತಂತಿಯನ್ನು ಹೊಸದಕ್ಕೆ ಹಾಕಬಾರದು. ತುದಿಯ ಆಕಾರ ಒಂದೇ ಆದರೂ ಒಳಕ್ರಮ ತಯಾರಕರಿಂದ ತಯಾರಕರಿಗೆ ಬೇರೆಯಾಗಿ, ಡಿಸ್ಕುಗಳು ಸುಟ್ಟುಹೋಗುತ್ತವೆ. ಡಿಸ್ಕಿನಲ್ಲಿರುವುದು ಕ್ಷೇತ್ರಕಾರ್ಯದ ಚಿತ್ರಗಳೆಂಬುದನ್ನು ಮರೆಯಲಾಗದು. ಎಲ್ಲ ಮುಗಿದ ಮೇಲೆ ಮಾನಿಟರಿನ ತಂತಿಯನ್ನು ಬೋರ್ಡಿನ ರಂಧ್ರಕ್ಕಲ್ಲ, ಹೊಸ ಕಾರ್ಡಿನ ರಂಧ್ರಕ್ಕೆ ಜೋಡಿಸಬೇಕು.

ಮರೆತುಹೋಗುವ ಇನ್ನೊಂದು ಸಂಗತಿ ಯುಪಿಎಸ್. ಪೆಟ್ಟಿಗೆಯ ದಕ್ಷತೆ ಶೇಕಡ 85 ಎಂದಿಟ್ಟುಕೊಂಡರೆ 285 ವಾಟಿನ ಹೊರೆಗೆ ಗೋಡೆಯಿಂದ ಸುಮಾರು 335 ವಾಟು ಬೇಕು, ಮಾನಿಟರು ಬೇರೆ. ಸಾಮಾನ್ಯವಾಗಿ 360 ವಾಟು ಮಾತ್ರ ಕೊಡಬಲ್ಲ 600 ವಿಎ ಯುಪಿಎಸ್ ಇದಕ್ಕೆ ಸಾಲದು. 1000 ವಿಎ ಯುಪಿಎಸ್ಸಿನ ಬೆಲೆಯನ್ನು ಅಂದಾಜುಪಟ್ಟಿಯಲ್ಲಿ ಮೊದಲೇ ಸೇರಿಸುವುದು ಲೇಸು. ಮೂರನೆಯ ಕಡ್ಡಿಗೆ ಭೂಸಂಪರ್ಕ ಸರಿಯಾಗಿದೆಯೇ ಎಂಬುದನ್ನು ಕಾಲೇಜಿನ ವಿದ್ಯುತ್ ಕೆಲಸಗಾರರಿಂದ ಪರೀಕ್ಷಿಸಿಸಬೇಕು. ತೆಗೆದ ಹಳೆಯ ಪೆಟ್ಟಿಗೆಯನ್ನು ದಾಸ್ತಾನು ಪುಸ್ತಕದಲ್ಲಿ ನಮೂದಿಸಿ, ಸುಸ್ಥಿತಿಯಲ್ಲಿದ್ದರೆ ಬೆರಳಚ್ಚಿನ ಯಂತ್ರವೊಂದಕ್ಕೆ ಕಾದಿಡಬಹುದು.