ಚಳಿಯ ಕತೆ, ಘಟಪ್ರಭೆಯ ನೀರು

ಜ್ಯಾಕ್ ಲಂಡನ್ ಬರೆದ ‘ಟು ಬಿಲ್ಡ್ ಎ ಫೈರ್’ ಕತೆಯಲ್ಲಿ ಒಬ್ಬ ಮನುಷ್ಯ ನಾಯಿಯೊಂದನ್ನು ಕರೆದುಕೊಂಡು ಯುಕಾನ್ ಪ್ರದೇಶದ ಹಿಮದಲ್ಲಿ ಹೊರಡುತ್ತಾನೆ, ಹೆಪ್ಪುಗಟ್ಟಿ ಸಾಯುತ್ತಾನೆ. ಈ ಕತೆಯ ಬಗ್ಗೆ ಒಂದು ತಪ್ಪು ತಿಳಿವಳಿಕೆಯಿದೆ; ಅಂಥವೇ ತಪ್ಪು ತಿಳಿವಳಿಕೆಗಳು ಘಟಪ್ರಭಾ ಹೊಳೆಯ ದಂಡೆಯಲ್ಲಿ ಜೀವಕ್ಕೂ ಎರವಾಗುತ್ತವೆ. ಅವನ್ನು ಒಂದೊಂದಾಗಿ ನೋಡೋಣ.

“ಸೊಕ್ಕಿನವನ ಮೇಲೆ ನಿಸರ್ಗ ಸೇಡು ತೀರಿಸಿಕೊಂಡಿತು”

ಕತೆಯಲ್ಲಿ ಚಳಿಗೆ ಯಾರ ಮೇಲೂ ಹಗೆಯಿಲ್ಲ. ಆ ಮನುಷ್ಯ ಹೇಡಿಯಲ್ಲ, ದಡ್ಡನೂ ಅಲ್ಲ. ಸೊನ್ನೆಗಿಂತ ಐವತ್ತು ಡಿಗ್ರಿ ಕೆಳಗೆ ಎಂಬ ಅಂಕಿ ಅವನಿಗೆ ಗೊತ್ತು. ಆ ಅಂಕಿ ತನ್ನ ಬೆರಳಿಗೆ, ತನ್ನ ಉಸಿರಿಗೆ ಏನು ಮಾಡೀತು ಎಂದು ಮಾತ್ರ ಅವನು ಯೋಚಿಸುವುದಿಲ್ಲ. ಇಂಥ ಚಳಿಯಲ್ಲಿ ಒಂಟಿಯಾಗಿ ಹೋಗಬೇಡ ಎಂದ ಅನುಭವಿ ಮುದುಕನ ಮಾತಿಗೆ ಮನಸ್ಸಿನಲ್ಲೇ ನಗುತ್ತಾನೆ. ಅವನ ಸೊಕ್ಕು ಇರುವುದು ಅಲ್ಲಿ. 1902ರಲ್ಲಿ ಲಂಡನ್ ಹುಡುಗರಿಗಾಗಿ ಇದೇ ಕತೆ ಬರೆದಾಗ ನಾಯಕ ಬದುಕುತ್ತಾನೆ, ಅವನಿಗೊಂದು ಹೆಸರೂ ಇದೆ. 1908ರ ಕತೆಯಲ್ಲಿ ಅವನಿಗೆ ಹೆಸರಿಲ್ಲ. ಅವನು ಯಾರಾದರೂ ಆಗಬಹುದು, ನಾವೂ ಆಗಬಹುದು.

“ಡ್ಯಾಮ್ ಕಟ್ಟ್ಯಾರ, ಇನ್ನ ಹೊಳಿ ಬರೂದಿಲ್ಲ”

ಘಟಪ್ರಭೆಗೆ ಕಟ್ಟಿದ, ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯ ಸುಮಾರು 51 ಟಿಎಂಸಿ ನೀರು ಹಿಡಿಯುತ್ತದೆ. ಅದು ತುಂಬಿದ ಮೇಲೆ ಬಂದ ನೀರನ್ನು ಕೆಳಗೆ ಬಿಡಲೇಬೇಕು. ಸಂಕೇಶ್ವರದ ಮಗ್ಗುಲಲ್ಲಿ ಹರಿಯುವ ಹಿರಣ್ಯಕೇಶಿ, ಹಿಡಕಲ್ ಅಣೆಕಟ್ಟಿನ ಕೆಳಗೆ ಘಟಪ್ರಭೆಗೆ ಸೇರುತ್ತದೆ, ಮಾರ್ಕಂಡೇಯ ಗೋಕಾಕದ ಹತ್ತಿರ ಸೇರುತ್ತದೆ. ಹಿಡಕಲ್ಲಿನ ಗೇಟು ಇವೆರಡನ್ನೂ ತಡೆಯಲಾರದು. 2019ರ ಆಗಸ್ಟಿನಲ್ಲಿ ಮೂರೂ ಹೊಳೆಗಳು ಕೂಡಿ ಬಂದವು. ಘಟಪ್ರಭೆಯ ಮೇಲಿನ ಲೋಳಸೂರ ಸೇತುವೆ ಮುಳುಗಿತು, ಗೋಕಾಕದ ತಗ್ಗಿನ ಓಣಿಗಳಿಗೆ ನೀರು ನುಗ್ಗಿತು. 2021ರಲ್ಲಿ, 2024ರಲ್ಲಿ ಮತ್ತೆ ಅದೇ ಆಯಿತು.

ಈಗ ಸುದ್ದಿ ಮೊದಲೇ ಬರುತ್ತದೆ, “ಇಷ್ಟು ಕ್ಯೂಸೆಕ್ ಬಿಟ್ಟಾರ” ಎಂದು. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ 28 ಲೀಟರಿಗಿಂತ ತುಸು ಹೆಚ್ಚು. 50,000 ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 14 ಲಕ್ಷ ಲೀಟರ್. ಅಷ್ಟು ನೀರು ಬಂದರೆ ನಮ್ಮ ಓಣಿಯಲ್ಲಿ ಯಾರ ಮನೆಯ ಮೆಟ್ಟಿಲು ಮುಟ್ಟುತ್ತದೆ? ಅದನ್ನು ಹೇಳದ ಮುನ್ನೆಚ್ಚರಿಕೆ ಕತೆಯ ಆ ಐವತ್ತು ಡಿಗ್ರಿಯ ಹಾಗೆ, ಬರೀ ಅಂಕಿ. ಹಿಂದಿನ ಪ್ರವಾಹಗಳ ನೀರಿನ ಗುರುತನ್ನು ಓಣಿಯ ಗೋಡೆಗಳ ಮೇಲೆ ಬಣ್ಣದಲ್ಲಿ ಬರೆದಿಡಬೇಕು. ದುಬಾರಿಯ ಕೆಲಸವೇನಲ್ಲ.

“ಇಲ್ಲಿ ಮಳಿನ ಇಲ್ಲ, ಹೊಳಿ ಹ್ಯಾಂಗ ಬರ್ತೈತಿ?”

ಇಲ್ಲಿ ಬಿಸಿಲಿದ್ದರೂ ಬರುತ್ತದೆ. ಘಟಪ್ರಭೆ ಹುಟ್ಟುವುದು ಮಹಾರಾಷ್ಟ್ರದ ಸಹ್ಯಾದ್ರಿಯಲ್ಲಿ, ಹಿರಣ್ಯಕೇಶಿ ಅಂಬೋಲಿಯ ಕಡೆ. ನೋಡಬೇಕಾದದ್ದು ಅಲ್ಲಿಯ ಮೋಡವನ್ನು.

“ಮೊಳಕಾಲ ಮಟ ನೀರ, ದಾಟತೀನಿ”

ಮೂಡಲಗಿ ತಾಲ್ಲೂಕಿನ ಸುಣಧೋಳಿಯಂಥ ತಗ್ಗು ಸೇತುವೆಗಳ ಮೇಲೆ ನೀರು ಹರಿಯುವಾಗ ಈ ಮಾತು ಕೇಳಿಬರುತ್ತದೆ. ಹರಿವಿನ ವೇಗ ಎರಡು ಪಟ್ಟಾದರೆ ಕಾಲಿಗೆ ತಗಲುವ ನೂಕು ನಾಲ್ಕು ಪಟ್ಟಾಗುತ್ತದೆ. ರಭಸವಿದ್ದರೆ ಅರ್ಧ ಅಡಿ ನೀರು ಸಾಕು, ಗಟ್ಟಿಮುಟ್ಟಾದವನೂ ಬೀಳುತ್ತಾನೆ; ಒಂದು ಅಡಿಯಲ್ಲಿ ಸಣ್ಣ ಕಾರು ಕೊಚ್ಚಿಹೋಗಬಹುದು. ಈಜು ಬರುತ್ತದೆಯೋ ಇಲ್ಲವೋ ಎಂಬುದು ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ರಾಡಿ ನೀರಿನ ಕೆಳಗೆ ರಸ್ತೆ ಉಳಿದಿದೆಯೋ ಇಲ್ಲವೋ, ಅದೂ ಕಾಣುವುದಿಲ್ಲ.

“ಹೇಳಿದರೂ ಮನಿ ಬಿಡೂದಿಲ್ಲ, ಹಟಮಾರಿಗಳು”

ದಂಡೆಯ ಜನರ ಮೇಲೆ ಹೊರಗಿನವರು ಹೊರಿಸುವ ಈ ಮಾತನ್ನು ನಾನು ಒಪ್ಪಲಾರೆ. ಮನೆ ಬಿಡದವರೆಲ್ಲ ಆ ಯುಕಾನಿನ ಮನುಷ್ಯನಂತಲ್ಲ. ಹೊಳೆ ಏನು ಮಾಡುತ್ತದೆಂದು ಅವರಿಗೆ ಚೆನ್ನಾಗಿ ಗೊತ್ತು. ಆದರೆ ದಾವಣಿಯಲ್ಲಿ ಎಮ್ಮೆ ಇರುತ್ತದೆ, ಕರು ಇರುತ್ತದೆ. ಹಾಲು ಮಾರಿ ಬದುಕುವವರು ದನ ಬಿಟ್ಟು ಪರಿಹಾರ ಕೇಂದ್ರದ ಶಾಲೆಯಲ್ಲಿ ಮಲಗಲು ಹೇಗೆ ಹೋದಾರು? ದನಗಳಿಗೂ ಜಾಗ, ಮೇವು ಇದೆ ಎಂದು ಖಾತ್ರಿಯಾದರೆ ಕತ್ತಲಾಗುವ ಮೊದಲೇ ಅವರು ಹೊರಡುತ್ತಾರೆ.