ಸಮಾಜವನ್ನು ಓದುವ ಬಗೆ

ಗಿಡಮರಗಳನ್ನು ಅರಿಯಬೇಕೆನ್ನುವವನು ಕಾಡಿಗೆ ಹೋಗುತ್ತಾನೆ. ನಕ್ಷತ್ರಗಳನ್ನು ಅರಿಯಬೇಕೆನ್ನುವವನು ದೂರದರ್ಶಕವನ್ನು ಹಿಡಿಯುತ್ತಾನೆ. ಮನುಷ್ಯರು ಕೂಡಿ ಬಾಳುವ ಬಗೆಯನ್ನು ಅರಿಯಬೇಕೆನ್ನುವವನು ಎಲ್ಲಿಗೆ ಹೋಗಬೇಕು? ಈ ಪ್ರಶ್ನೆಗೆ ಸಮಾಜಶಾಸ್ತ್ರವು ನೀಡಿದ ಉತ್ತರ ಕಾಲದಿಂದ ಕಾಲಕ್ಕೆ ಬದಲಾಗುತ್ತ ಬಂದಿದೆ.

1919ರಲ್ಲಿ ಮುಂಬಯಿ ವಿಶ್ವವಿದ್ಯಾನಿಲಯದಲ್ಲಿ ಸಮಾಜಶಾಸ್ತ್ರದ ವಿಭಾಗವು ಆರಂಭವಾಯಿತು. ಆಗ ಧಾರವಾಡ ಸೀಮೆಯೂ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಅಂದಿನ ವಿದ್ವಾಂಸರಲ್ಲಿ ಹಲವರು ಪ್ರಾಚೀನ ಗ್ರಂಥಗಳನ್ನೂ ಸರಕಾರಿ ವರದಿಗಳನ್ನೂ ಆಧರಿಸಿ ಸಮಾಜದ ಚಿತ್ರವನ್ನು ಬಿಡಿಸುತ್ತಿದ್ದರು. ಅಲ್ಲಿಯೇ ಅಧ್ಯಯನ ಮಾಡಿದ ಮೈಸೂರಿನ ಎಂ. ಎನ್. ಶ್ರೀನಿವಾಸರು (1916–1999) ಬೇರೊಂದು ದಾರಿಯನ್ನು ಹಿಡಿದರು. 1948ರಲ್ಲಿ ಅವರು ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ತಿಂಗಳುಗಟ್ಟಲೆ ನೆಲೆಸಿ, ಜನರ ಬೇಸಾಯ, ಜಗಳ, ಹಬ್ಬ, ನ್ಯಾಯಪಂಚಾಯಿತಿಗಳನ್ನು ಕಣ್ಣಾರೆ ಕಂಡರು. ಗ್ರಂಥದಲ್ಲಿ ನಾಲ್ಕು ವರ್ಣಗಳು ಅಚಲವಾಗಿ ನಿಂತಿದ್ದವು. ಹಳ್ಳಿಯಲ್ಲಾದರೋ ಹಲವು ಜಾತಿಗಳಿದ್ದವು, ಅವುಗಳ ಮೇಲುಕೀಳಿನ ಬಗ್ಗೆ ವಾದವಿತ್ತು, ಭೂಮಿಗೂ ಜನಬಲಕ್ಕೂ ಹೆಚ್ಚಿನ ಬೆಲೆಯಿತ್ತು.

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಬೋಧಿಸಿದ ಕೆ. ಈಶ್ವರನ್ ಅವರೂ ಇದೇ ದಾರಿಯಲ್ಲಿ ನಡೆದರು. ಈ ಭಾಗದ ಹಳ್ಳಿಯೊಂದನ್ನು ಕುರಿತ ಅವರ ‘ಶಿವಾಪುರ’ ಎಂಬ ಇಂಗ್ಲಿಷ್ ಗ್ರಂಥವು 1968ರಲ್ಲಿ ಪ್ರಕಟವಾಯಿತು.  ನಂಬಿ ಮಾತನಾಡಿದ ಜನರಿಗೆ ತೊಂದರೆಯಾಗದಿರಲೆಂದು ಊರಿನ ಹೆಸರನ್ನು ಮರೆಮಾಡುವುದು ಈ ಶಾಸ್ತ್ರದಲ್ಲಿ ಬೆಳೆದುಬಂದ ಸತ್ಸಂಪ್ರದಾಯವಾಗಿದೆ.

ಕಣ್ಣಾರೆ ಕಂಡಾಗ ನಮ್ಮ ಊಹೆ ತಲೆಕೆಳಗಾಗುವುದುಂಟು. ಸ್ಕಾರ್ಲೆಟ್ ಎಪ್‌ಸ್ಟೀನ್ ಎಂಬ ವಿದುಷಿಯು 1954ರಿಂದ 1956ರವರೆಗೆ ಮಂಡ್ಯ ಸೀಮೆಯ ಎರಡು ಹಳ್ಳಿಗಳನ್ನು ಅಭ್ಯಾಸ ಮಾಡಿದರು. ಒಂದು ಹಳ್ಳಿಗೆ ಕಾಲುವೆಯ ನೀರು ಬಂದಿತ್ತು. ಎತ್ತರದಲ್ಲಿದ್ದ ಇನ್ನೊಂದಕ್ಕೆ ಬಂದಿರಲಿಲ್ಲ. ನೀರು ಕಂಡ ಹಳ್ಳಿಯೇ ಹೆಚ್ಚು ಬದಲಾಗಿರಬೇಕೆಂದು ಯಾರಿಗಾದರೂ ತೋರೀತು. ಆದರೆ ಅಲ್ಲಿ ಕಬ್ಬು ಬೆಳೆದು ಸಿರಿ ಹೆಚ್ಚಿದರೂ ಹಳೆಯ ಸಂಬಂಧಗಳು ಬಹುಮಟ್ಟಿಗೆ ಹಾಗೆಯೇ ಉಳಿದಿದ್ದವು. ಒಣಹಳ್ಳಿಯ ಜನರು ಕೆಲಸ, ವ್ಯಾಪಾರಗಳನ್ನು ಅರಸಿ ಹೊರಗೆ ಹೋದುದರಿಂದ ಅಲ್ಲಿಯ ಸಮಾಜವೇ ಹೆಚ್ಚು ಬದಲಾಗಿತ್ತು! ಎಪ್‌ಸ್ಟೀನರು 1970ರಲ್ಲಿ ಅದೇ ಹಳ್ಳಿಗಳಿಗೆ ಮರಳಿ ಬಂದು ಮತ್ತೆ ಪರಿಶೀಲಿಸಿದರು.

ಆದರೆ ಹಳ್ಳಿಗೆ ಹೋದ ಮಾತ್ರಕ್ಕೆ ಎಲ್ಲವೂ ಕಾಣುವುದಿಲ್ಲ. ಊರಿನ ಮುಖ್ಯಸ್ಥನ ಆಶ್ರಯದಲ್ಲಿ ಇಳಿದುಕೊಂಡವನಿಗೆ ಊರಹೊರಗಿನ ಕೇರಿಯ ಮಾತು ಕೇಳುವುದು ಕಷ್ಟ. ತಮ್ಮ ನೋಟಕ್ಕೆ ಇಂತಹ ಮಿತಿಯಿತ್ತೆಂಬುದನ್ನು ಶ್ರೀನಿವಾಸರೇ ಪ್ರಾಮಾಣಿಕವಾಗಿ ಒಪ್ಪಿಕೊಂಡಿದ್ದಾರೆ. ಆದುದರಿಂದಲೇ ಇಂದಿನ ಸಂಶೋಧನೆಯು ಮಹಿಳೆಯರು, ದಲಿತರು, ವಲಸೆ ಕಾರ್ಮಿಕರು ಇವರ ಅನುಭವಗಳಿಗೆ ಹೆಚ್ಚಿನ ಗಮನ ಕೊಡುತ್ತಿದೆ. ಆ ಸಮುದಾಯಗಳಿಂದಲೇ ಬಂದವರು ಇಂದು ಸಂಶೋಧಕರಾಗಿದ್ದಾರೆ.

ಶಾಸ್ತ್ರಗಳ ನಡುವಣ ಬೇಲಿಯೂ ಸಡಿಲಗೊಂಡಿದೆ. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಕಾಯಿಪಲ್ಯ ಮಾರುವ ಒಬ್ಬ ತಾಯಿಯನ್ನು ನೆನೆಯಿರಿ. ಆಕೆ ಬಂಡವಾಳವನ್ನು ಎಲ್ಲಿಂದ ತಂದಳೆಂಬುದು ಅರ್ಥಶಾಸ್ತ್ರದ ಪ್ರಶ್ನೆ; ಯಾವ ಊರನ್ನು ಏಕೆ ಬಿಟ್ಟು ಬಂದಳೆಂಬುದು ಭೂಗೋಳ ಮತ್ತು ಇತಿಹಾಸಗಳ ಪ್ರಶ್ನೆ; ಕೂಡುವ ಸ್ಥಳದ ಬಗ್ಗೆ ಆಕೆಗೆ ಯಾವ ಹಕ್ಕಿದೆಯೆಂಬುದು ರಾಜ್ಯಶಾಸ್ತ್ರದ ಪ್ರಶ್ನೆ. ಬದುಕು ಮಾತ್ರ ಒಂದೇ. ಬೆಂಗಳೂರಿನಲ್ಲಿ 1972ರಲ್ಲಿ ಸ್ಥಾಪಿತವಾದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ, ಧಾರವಾಡದಲ್ಲಿರುವ ಬಹುಶಾಸ್ತ್ರೀಯ ಅಭಿವೃದ್ಧಿ ಸಂಶೋಧನ ಕೇಂದ್ರ ಮುಂತಾದವು ಹೀಗೆ ಹಲವು ಶಾಸ್ತ್ರಗಳನ್ನು ಕೂಡಿಸಿಕೊಂಡು ಅಧ್ಯಯನ ನಡೆಸುತ್ತಿವೆ.

ಬೋಧನೆಯ ರೀತಿಯೂ ಇದಕ್ಕೆ ತಕ್ಕಂತೆ ಬದಲಾಗುತ್ತಿದೆ. ವ್ಯಾಖ್ಯೆಗಳನ್ನು ಬಾಯಿಪಾಠ ಮಾಡಿಸುವುದರ ಜೊತೆಗೆ, ವಿದ್ಯಾರ್ಥಿಗಳನ್ನು ಓಣಿಗೆ, ಸಂತೆಗೆ, ಹೊಲಕ್ಕೆ ಕರೆದೊಯ್ಯುವ ಕ್ಷೇತ್ರಕಾರ್ಯಕ್ಕೂ ಪಾಠಕ್ರಮದಲ್ಲಿ ಸ್ಥಾನ ದೊರೆತಿದೆ. ಗಣಕಯಂತ್ರವು ಲಕ್ಷಾಂತರ ಅಂಕಿಅಂಶಗಳನ್ನು ಕ್ಷಣದಲ್ಲಿ ಜೋಡಿಸಿಕೊಡುತ್ತದೆ. ಅದರ ಉಪಕಾರ ದೊಡ್ಡದು. ಆದರೆ ಶಾಲೆ ಬಿಟ್ಟ ಮಕ್ಕಳೆಷ್ಟು ಎಂಬುದನ್ನು ಅಂಕಿಗಳು ಹೇಳಿಯಾವು. ಏಕೆ ಬಿಟ್ಟರೆಂಬುದನ್ನು ಆ ಮಕ್ಕಳೇ ಹೇಳಬೇಕು. ಅವರ ಬಳಿ ಕುಳಿತು, ಅವರ ಮಾತಿನಲ್ಲಿಯೇ ಕೇಳಿ, ಹೇಳಿದ್ದನ್ನು ತಿರುಚದೆ ಬರೆದುಕೊಳ್ಳುವ ತಾಳ್ಮೆಯೇ ಸಮಾಜಶಾಸ್ತ್ರದ ಮೊದಲ ಪಾಠ.