ಸಾಹುಕಾರನ ಮಗಳು, ಕೊರಿಯಾದ ಕುಬೇರಪುತ್ರ

ಬನದ ಹುಣ್ಣಿಮೆಗೆ ಬಾದಾಮಿ ಬನಶಂಕರಿಯ ತೇರು ಎಳೆದ ಮಾತ್ರಕ್ಕೆ ಜಾತ್ರೆ ಮುಗಿಯುವುದಿಲ್ಲ. ನಾಟಕ ಕಂಪನಿಗಳು ಸಾಲಾಗಿ ಥೇಟರು ಹಾಕಿರುತ್ತವೆ. ಬೇವೂರು, ಹುನಗುಂದ, ಇಳಕಲ್ಲ ಕಡೆಯ ಜನ ಬುತ್ತಿ ಕಟ್ಟಿಕೊಂಡು ಬಂದು, ನಿದ್ದೆಗೆಟ್ಟು ನಾಟಕ ನೋಡುತ್ತಾರೆ. ಇದೇ ಸೀಮೆಯ ಮನೆಗಳಲ್ಲಿ ಈಗ ಕಾಲೇಜಿಗೆ ಹೋಗುವ ಹುಡುಗಿಯರು ಅಂಗೈಯಗಲದ ಮೊಬೈಲಿನಲ್ಲಿ ಕೊರಿಯಾದ ಪ್ರೇಮಕತೆಗಳನ್ನು ನೋಡುತ್ತ ನಿದ್ದೆಗೆಡುತ್ತಾರೆ. ಭಾಷೆ ಗೊತ್ತಿಲ್ಲ, ಊರು ಗೊತ್ತಿಲ್ಲ, ಏನು ಹಚ್ಚಿಕೊಂಡರು ಇವರು ಎಂದು ಹಿರಿಯರಿಗೆ ಸೋಜಿಗ. ಸ್ವಲ್ಪ ವಿಚಾರಿಸಿ ನೋಡಿದರೆ ಈ ಎರಡು ಚಟಗಳು ಅಷ್ಟೇನೂ ದೂರದವಲ್ಲ.

ಕೊರಿಯಾದ ಕತೆಗಳು ತಾವಾಗಿಯೇ ಹೊರಗೆ ಹರಡಿದವಲ್ಲ. ‘ಜುರಾಸಿಕ್ ಪಾರ್ಕ್’ ಎಂಬ ಒಂದೇ ಚಿತ್ರದ ಗಳಿಕೆ ಹದಿನೈದು ಲಕ್ಷ ಕಾರುಗಳನ್ನು ಮಾರಿದ ಗಳಿಕೆಗೆ ಸಮ ಎಂಬ ಲೆಕ್ಕ 1994ರಲ್ಲಿ ದಕ್ಷಿಣ ಕೊರಿಯಾದ ಅಧ್ಯಕ್ಷರ ಮುಂದೆ ಬಂತು. ಚಿತ್ರ, ಧಾರಾವಾಹಿಗಳೂ ರಫ್ತಿನ ಸರಕು ಎಂದು ಆ ಸರ್ಕಾರ ತಿಳಿಯಿತು. 2002ರ ‘ವಿಂಟರ್ ಸೊನಾಟಾ’ ಧಾರಾವಾಹಿ ಮರುವರ್ಷ ಜಪಾನಿಗೆ ಹೋದಾಗ ಅದಕ್ಕೆ ಮರುಳಾದವರಲ್ಲಿ ನಡುವಯಸ್ಸಿನ ಗೃಹಿಣಿಯರೇ ಹೆಚ್ಚು. 2004ರಲ್ಲಿ ಅದರ ನಾಯಕ ಬೇ ಯೋಂಗ್‌ಜೂನ್ ಟೋಕಿಯೊದಲ್ಲಿ ಇಳಿದಾಗ ಸಾವಿರಾರು ಹೆಂಗಸರು ವಿಮಾನ ನಿಲ್ದಾಣದಲ್ಲಿ ಕಾದಿದ್ದರು. ನಮ್ಮ ದೇಶದಲ್ಲಿ ಈ ಗಾಳಿ ಮೊದಲು ಬೀಸಿದ್ದು ಮಣಿಪುರದಲ್ಲಿ. ಅಲ್ಲಿನ ಬಂಡುಕೋರರು 2000ದಲ್ಲಿ ಹಿಂದಿ ಚಿತ್ರಗಳನ್ನು ನಿಷೇಧಿಸಿದಾಗ ತೆರವಾದ ಜಾಗಕ್ಕೆ ಕೊರಿಯಾದ ವಾಹಿನಿಗಳೂ ಸಿ.ಡಿ.ಗಳೂ ಬಂದವು. 2020ರ ಕೊರೊನಾ ಗೃಹಬಂಧನದ ದಿನಗಳಲ್ಲಿ ಅದು ದೇಶವನ್ನೆಲ್ಲ ವ್ಯಾಪಿಸಿತು.

ನೋಡುವವರನ್ನು ಕೇಳಿದರೆ ಮೆಚ್ಚುಗೆಯ ಕಾರಣಗಳು ಹೆಚ್ಚುಕಡಿಮೆ ಒಂದೇ. ಕತೆ ಸಾಮಾನ್ಯವಾಗಿ ಹದಿನಾರು ಕಂತುಗಳಲ್ಲಿ ಮುಗಿಯುತ್ತದೆ. ನಮ್ಮ ಧಾರಾವಾಹಿಯಂತೆ ವರ್ಷಗಟ್ಟಲೆ ಎಳೆಯುವುದಿಲ್ಲ. ಅತ್ತೆಯ ಕಾಟವಿದ್ದರೂ ಅದೇ ಕತೆಯಾಗುವುದಿಲ್ಲ. ನಾಯಕ ನಾಯಕಿಯರು ಕೈ ಹಿಡಿಯುವ ಹೊತ್ತಿಗೆ ಅರ್ಧ ಕತೆ ಕಳೆದಿರುತ್ತದೆ; ಮನೆಮಂದಿ ಕೂತು ನೋಡಲು ಸಂಕೋಚವಿಲ್ಲ. ದೂರುಗಳೂ ಅಷ್ಟೇ ಸ್ಪಷ್ಟ. ಬಡ ಹುಡುಗಿಯನ್ನು ಎತ್ತಿ ಹಿಡಿಯಲು ಯಾವಾಗಲೂ ಒಬ್ಬ ಕುಬೇರನ ಮಗನೇ ಬೇಕು. ನಡುವೆ ಅಪಘಾತ, ನೆನಪು ಹೋಗುವುದು, ವಾಸಿಯಾಗದ ರೋಗ. ಹುಡುಗಿಯ ಮುಂಗೈ ಹಿಡಿದು ದರದರ ಎಳೆದೊಯ್ಯುವುದನ್ನೇ ಪ್ರೀತಿ ಎಂದು ತೋರಿಸುವುದೂ ಇದೆ.

ಬಡತನ, ಸಿರಿತನಗಳ ನಡುವಿನ ಈ ಪ್ರೇಮ ಬಾಗಲಕೋಟೆ ಸೀಮೆಗೆ ಹೊಸತೇ? ಹುನಗುಂದ ಸೀಮೆಯ ಸೂಳೇಭಾವಿಯ ಪಿ.ಬಿ. ಧುತ್ತರಗಿಯವರು ‘ಸಂಪತ್ತಿಗೆ ಸವಾಲ್’ ನಾಟಕ ಬರೆದರು. ಬಡ ಯುವಕ, ಸಾಹುಕಾರನ ಸೊಕ್ಕಿನ ಮಗಳು, ಇಬ್ಬರ ನಡುವೆ ಹಣದ ಗೋಡೆ. ಕಂಪನಿ ರಂಗದ ಮೇಲೆ ಗೆದ್ದ ಆ ಕತೆ 1974ರಲ್ಲಿ ರಾಜಕುಮಾರ್, ಮಂಜುಳಾ ಅಭಿನಯದಲ್ಲಿ ತೆರೆಗೆ ಬಂದು ನಾಡಿನ ಮನೆಮಾತಾಯಿತು. ಆದರೆ ಒಂದು ವ್ಯತ್ಯಾಸವಿದೆ. ಧುತ್ತರಗಿಯವರ ಕತೆಯಲ್ಲಿ ಹಣಕ್ಕೆ ಸವಾಲು ಹಾಕುವವನು ಬಡವ. ಕೊರಿಯಾದ ಎಷ್ಟೋ ಕತೆಗಳಲ್ಲಿ ಹಣವಂತನೇ ಮನಸ್ಸು ಕರಗಿ ಕೆಳಗಿಳಿದು ಬರಬೇಕು. ಅಲ್ಲಿನ ವ್ಯಾಪಾರ, ಉದ್ಯಮಗಳು ‘ಚೇಬೊಲ್’ ಎನಿಸಿಕೊಂಡ ಕೆಲವೇ ಮನೆತನಗಳ ಕೈಯಲ್ಲಿರುವುದರಿಂದ ಬಡವರ ಕನಸಿಗೂ ಆ ಮನೆಯ ಬಾಗಿಲೇ ಕಾಣುತ್ತದೆ.

ಹತ್ತಿರವೆನಿಸಲು ಮಾತಿನ ರೀತಿಯೂ ಕಾರಣ. ಕೊರಿಯಾದ ಭಾಷೆಯಲ್ಲಿ ಕ್ರಿಯಾಪದ ಕನ್ನಡದಂತೆಯೇ ವಾಕ್ಯದ ಕೊನೆಗೆ ಬರುತ್ತದೆ. ಮಕ್ಕಳು ತಂದೆಯನ್ನು ‘ಅಪ್ಪಾ’ ಎನ್ನುತ್ತಾರೆ. ಇದರಿಂದ ಎರಡೂ ಒಂದೇ ಕುಲದ ಭಾಷೆಗಳೆಂದು ಹೇಳುವಂತಿಲ್ಲ. ಭಾಷಾಶಾಸ್ತ್ರಜ್ಞರು ಅದನ್ನು ಒಪ್ಪುವುದಿಲ್ಲ. ಆದರೆ ಹಿರಿಯರೊಡನೆ ಒಂದು ಮಾತು, ಸಲಿಗೆಯವರೊಡನೆ ಇನ್ನೊಂದು ಎಂಬ ಕಟ್ಟು ಅಲ್ಲಿಯೂ ಬಿಗಿಯಾಗಿದೆ. ನಾಯಕಿ ‘ನೀವು’ ಬಿಟ್ಟು ‘ನೀನು’ ಎಂದ ದಿನ ಕತೆ ತಿರುಗುತ್ತದೆ. ಪರದೆಯ ಕೆಳಗೆ ಬರುವ ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದ. ಆ ತಿರುವು ಮಾಯವಾಗುತ್ತದೆ. ಅಣ್ಣನನ್ನು ಕರೆಯುವ ‘ಒಪ್ಪಾ’ ಎಂಬ ಪದದಿಂದಲೇ ಅಲ್ಲಿ ಹುಡುಗಿ ಪ್ರಿಯಕರನನ್ನೂ ಕರೆಯುತ್ತಾಳೆ. ನಮ್ಮ ಕಡೆಯವರಿಗೆ ಇದು ಕಸಿವಿಸಿ. ಇಲ್ಲಿ ವರಸೆಯಲ್ಲಿ ಸಲ್ಲುವವನು ಅಣ್ಣನಲ್ಲ, ಮಾವ.

ವರಸೆಯ ವಿಷಯದಲ್ಲಿ ಎರಡು ನಾಡುಗಳು ನಿಜಕ್ಕೂ ಎದುರುಬದರು. ಉತ್ತರ ಕರ್ನಾಟಕದಲ್ಲಿ ಸೋದರಮಾವನಿಗೋ ಅವನ ಮಗನಿಗೋ ಹೆಣ್ಣು ಕೊಡುವುದು ಹಳೆಯ ರೂಢಿ. ಕೊರಿಯಾದಲ್ಲಿ ಅಂಥ ಮದುವೆ ಕಾನೂನಿಗೇ ವಿರುದ್ಧ. ಒಂದೇ ಮನೆತನದ ಹೆಸರು, ಒಂದೇ ಮೂಲಸ್ಥಳ ಇದ್ದವರು ಎಷ್ಟು ದೂರದವರಾದರೂ ಮದುವೆಯಾಗುವಂತಿರಲಿಲ್ಲ. ನಮ್ಮಲ್ಲಿ ಒಂದೇ ಬೆಡಗಿನವರಿಗೆ ಸಂಬಂಧ ಕೂಡದು ಎನ್ನುವಂತೆ. ಆ ನಿರ್ಬಂಧ ಸಂವಿಧಾನಕ್ಕೆ ಒಪ್ಪುವಂಥದಲ್ಲವೆಂದು ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ಹೇಳಿದ್ದು 1997ರಲ್ಲಿ. ‘ಮನೆಯವರು ಒಪ್ಪುವುದಿಲ್ಲ’ ಎಂಬ ಮಾತು ಆ ಕತೆಗಳಲ್ಲಿ ಬರೀ ಕತೆಗಾಗಿ ಇಟ್ಟದ್ದಲ್ಲ.

ತೆರೆಯ ಪ್ರೇಮವೇ ಆ ನಾಡಿನ ಬದುಕು ಎಂದೂ ತಿಳಿಯಬಾರದು. ಮನೆಯ ಬೆಲೆ, ಮಕ್ಕಳ ಓದಿನ ಖರ್ಚು, ದುಡಿಮೆಯ ದೀರ್ಘ ಅವಧಿಗೆ ಅಂಜಿ ಅಲ್ಲಿನ ಯುವಜನರು ಮದುವೆಯನ್ನೇ ಮುಂದೂಡಿದ್ದಾರೆ. 2023ರಲ್ಲಿ ದಕ್ಷಿಣ ಕೊರಿಯಾದ ಫಲವಂತಿಕೆಯ ಪ್ರಮಾಣ ಒಬ್ಬ ಮಹಿಳೆಗೆ 0.72 ಮಗುವಿಗೆ ಇಳಿದಿತ್ತು. ಜಗತ್ತಿಗೆಲ್ಲ ಪ್ರೇಮಕತೆ ಮಾರುವ ದೇಶದಲ್ಲಿ ತೊಟ್ಟಿಲು ಕಟ್ಟುವ ಮನೆಗಳು ಕಡಿಮೆಯಾಗಿವೆ.

ಹಾಗಾದರೆ ನಮ್ಮ ಹುಡುಗಿಯರು ಅದರಲ್ಲಿ ನೋಡುವುದೇನು? ಕುಬೇರನ ಮಗನನ್ನಂತೂ ಅಲ್ಲ. ಅವನು ಬರುವುದಿಲ್ಲವೆಂದು ಅವರಿಗೆ ಗೊತ್ತು. ನಾಯಕಿಯನ್ನು ಯಾರಾದರೂ ‘ನಿನ್ನ ಮನಸ್ಸಿನಲ್ಲಿ ಏನಿದೆ?’ ಎಂದು ಕೇಳುತ್ತಾರೆ. ಅವಳು ಉತ್ತರ ಹೇಳುವವರೆಗೂ ಕಾಯುತ್ತಾರೆ. ಪದವಿ ಮುಗಿಯುವ ಮೊದಲೇ ವರಸೆ ನೋಡಿ ಗಂಡು ಗೊತ್ತುಮಾಡುವ ಮನೆಯಲ್ಲಿ ಈ ಪ್ರಶ್ನೆಯ ಬೆಲೆ ದೊಡ್ಡದು. ಮೊಬೈಲು ಕಸಿದುಕೊಳ್ಳುವ ಮೊದಲು ಹಿರಿಯರು ಅದೇ ಪ್ರಶ್ನೆಯನ್ನು ಒಮ್ಮೆ ಕನ್ನಡದಲ್ಲಿ ಕೇಳಿ ನೋಡಬಹುದು.